ನಾಟಿ ಹಗ್ಗ

ಸೋಮವಾರ ರೇಖಾಗಣಿತದ ಕಿರುಪರೀಕ್ಷೆ.
ಭಾನುವಾರ ನಾಲೆಗೆ ನೀರು.
ಕಟ್ಟು ನೀರು ಯಾರ ಪರೀಕ್ಷೆಯನ್ನೂ ಕೇಳಿಕೊಂಡು ಬರುವುದಿಲ್ಲ.
ಹಾಗಾಗಿ ನಾನು ಬದುವಿನ ಮೇಲೆ,
ಕೈಯಲ್ಲಿ ನೀಲಿ ನೈಲಾನ್ ಹಗ್ಗದ ಒಂದು ತುದಿ.

ಇನ್ನೊಂದು ತುದಿ ಕೆಂಪಾಜಮ್ಮನ ಕೈಯಲ್ಲಿ.

ನಮ್ಮ ಮನೆಗೂ ಅವರ ಮನೆಗೂ ಮಾತು ಬಿಟ್ಟು ಮೂರು ವರ್ಷ.
ನಾನು ನಿಂತಿರುವ ಇದೇ ಬದುವನ್ನು
ಅವರ ಮೈದುನ ಕೆತ್ತಿದ ಅಂತ ನಮ್ಮಪ್ಪ,
ನಮ್ಮಪ್ಪನೇ ಕೆತ್ತಿದ್ದು ಅಂತ ಅವರು.
ಒಂದು ಗುದ್ದಲಿ ಅಗಲ.

"ರೇಖೆಗೆ ಉದ್ದವುಂಟು, ಅಗಲವಿಲ್ಲ"
ಎಂದು ಸುಜ್ಞಾನಮೂರ್ತಿ ಮೇಷ್ಟ್ರು
ಸೀಮೆಸುಣ್ಣದ ಚೂಪು ಕಡೆಯಿಂದ ಎಳೆದು ತೋರಿಸಿದ್ದರು.
ತೋರಿಸಿದ ಗೆರೆಗೂ ರಾಗಿ ಕಾಳಿನಷ್ಟು ಅಗಲವಿತ್ತು.
ಯಾರೂ ಕೇಳಲಿಲ್ಲ. ನಾನು ಕೇಳಬೇಕಿತ್ತು:
ಸಾರ್, ಪಾಂಡವಪುರದ ಸರ್ವೆ ಆಫೀಸಿನ
ನಕ್ಷೆಯಲ್ಲಿರುವ ಗೆರೆಗೆ?

ಈ ಸಲ ಆಳು ಸಿಕ್ಕಿಲ್ಲ. ಗುಂಪು ಒಂದೇ, ಹಗ್ಗ ಒಂದೇ,
ಬೆಳಿಗ್ಗೆ ಅವರ ಗದ್ದೆ, ಊಟವಾದ ಮೇಲೆ ನಮ್ಮದು.
ನಡುವೆ ಹನ್ನೊಂದು ಬಗ್ಗಿದ ಬೆನ್ನು.
ಹಗ್ಗಕ್ಕೆ ಗೇಣಿಗೊಂದು ಕೆಂಪು ಬಟ್ಟೆಯ ಚೂರು,
ಚೂರಿಗೆ ಎರಡೆರಡು ಪೈರು.
ಊರಿ ಮುಗಿದರೆ ಹಗ್ಗ ಎತ್ತಿ
ಇಬ್ಬರೂ ಒಂದು ಗೇಣು ಹಿಂದಕ್ಕೆ.
ಮತ್ತೊಂದು ಗೇಣು.
ಹಿಂದೆ ಹಿಂದೆ ಹೋದಷ್ಟೂ ಎದುರಿಗೆ ಹಸಿರು.

ನನ್ನ ಮೂಲೆಮಟ್ಟ ಮನೆಯಲ್ಲಿದೆ, ತುದಿ ಮುರಿದು.
ಇಲ್ಲಿ ಲಂಬ ನೋಡುವುದು ಚೌಡಮ್ಮಜ್ಜಿಯ ಒಂದು ಕಣ್ಣು,
ಇನ್ನೊಂದಕ್ಕೆ ಪೊರೆ.

ಮಾತಿಲ್ಲ. ಹಗ್ಗವಿದೆ.
ಆಯಮ್ಮ ಒಂದು ಸಲ ಜಗ್ಗಿದರೆ ಎತ್ತು ಅಂತ,
ಎರಡು ಸಲ ಜಗ್ಗಿದರೆ ಬಿಗಿ ಸಾಲದು ಅಂತ.
ನಾನೂ ಜಗ್ಗುತ್ತೇನೆ. ಏನಂತ ನನಗೇ ಗೊತ್ತಿಲ್ಲ.

ಎರಡು ಬಿಂದುಗಳ ಮೂಲಕ ಒಂದೇ ಒಂದು
ಸರಳರೇಖೆ ಎಳೆಯಬಹುದು, ಪುಟ ಎಂಬತ್ತೆರಡು.
ಆ ಬಿಂದುಗಳಿಗೆ ಪರಸ್ಪರ ಮಾತಿರಬೇಕು ಅಂತ
ಪುಟದಲ್ಲಿ ಎಲ್ಲೂ ಬರೆದಿಲ್ಲ.

ಅಷ್ಟರಲ್ಲಿ ಮೈಸೂರು ರೈಲು.
ಸೇತುವೆಯ ಮೇಲೆ ಕಂಬಿ, ಕೆಳಗೆ ಕಾಲುವೆ.
ಒಂದನ್ನೊಂದು ದಾಟಿದವು, ಮುಟ್ಟಲಿಲ್ಲ.
ಸಮಾಂತರವೂ ಅಲ್ಲ, ಛೇದಿಸಿದ್ದೂ ಅಲ್ಲ.
ಒಂದೇ ಹಾಳೆಯಲ್ಲಿ ಹಿಡಿಸದ ಗೆರೆಗಳ ಪಾಠ
ದೊಡ್ಡ ಕ್ಲಾಸಿಗಂತೆ.
ಬೋಗಿ ಎಣಿಸುತ್ತ ನಾನು ಅರ್ಧ ಗೇಣು ಹಿಂದುಳಿದೆ.

"ಅಮ್ಮಿ, ನಿದ್ದೆ ಬತ್ತಾ? ಸಾಲು ಸೊಟ್ಟಗಾಯ್ತದೆ ಕಣೆ!"

ಆಗ ಕಂಡದ್ದು.
ಎದುರುಬದುರು ಎರಡು ಬದು, ಎಂದೂ ಕೂಡದವು,
ನಡುವೆ ಓರೆಯಾಗಿ ಹಗ್ಗ.
ನನ್ನ ಬಲಗೈ ಪಕ್ಕದ ಮೂಲೆ ಎಷ್ಟು ಬದಲಾಗಿತ್ತೋ
ಆಯಮ್ಮನ ಬಲಗೈ ಪಕ್ಕದ್ದೂ ಅಷ್ಟೇ.
ಒಂದು ಹಗ್ಗದ ಈಚೆ, ಒಂದು ಆಚೆ.
ಪರ್ಯಾಯ ಕೋನ!
ಮೂರು ದಿನ ಉರು ಹೊಡೆದು ಮರೆತದ್ದು
ಕೆಸರು ಕಾಲಲ್ಲಿ ನಿಂತಾಗ ಬಂತು.
ತಪ್ಪು ಒಬ್ಬಳದು. ವಾಲಿದ್ದು ಇಬ್ಬರಿಗೂ ಸಮ.

ಇದನ್ನು ಯಾರಿಗೆ ಹೇಳಲಿ?
ಹಗ್ಗ ಜಗ್ಗಿದೆ, ಮೂರು ಸಲ.
ಕೆಂಪಾಜಮ್ಮ ತಲೆಯೆತ್ತಿ ನೋಡಿದಳು,
ಮೂರಕ್ಕೆ ಅರ್ಥವಿರಲಿಲ್ಲ.

ಮಧ್ಯಾಹ್ನ ಮುದ್ದೆ, ಉಪ್ಪೆಸರು.
ಬೇರೆಲ್ಲ ಕಡೆ ನೀರು, ಒಣಗಿದ್ದದ್ದು ಆ ಬದು ಒಂದೇ.
ಅವರು ಅತ್ತ ಕಾಲು ಬಿಟ್ಟು, ನಾವು ಇತ್ತ.
ಒಂದು ಗುದ್ದಲಿ ಅಗಲ ಕೆತ್ತಿಸಿಕೊಂಡ ಬದು,
ಕಿರಿದು.
ಬೆನ್ನಿಗೆ ಬೆನ್ನು ತಾಗುತ್ತಿತ್ತು.

"ವಸಿ ಅತ್ಲಾಗೆ ಸರ್ಕಳಮ್ಮಿ,"
ತಿರುಗಿ ನೋಡದೆ ಅಂದಳು ಕೆಂಪಾಜಮ್ಮ.

ಅತ್ಲಾಗೆ ತುಂಬಿದ ಗದ್ದೆ.
ನಾನು ಸರಿಯಲಿಲ್ಲ.